ತುರ್ತಿಗೆ ಕಟ್ಟಿದ ಬೆಲೆ

ಹತ್ತಿಯ ಒಡಲಿಗೆ ರೇಷ್ಮೆ ಅಂಚು ಕೂಡಿಸಿ ನೇಯ್ದ ಗದ್ವಾಲ ಸೀರೆ ಇಂದು ಮಾರದಿದ್ದರೆ ನಾಳೆ ಮಾರೀತು. ನಾರಾಯಣಪೇಟೆಯ ಸೀರೆಯೂ ಅಂಗಡಿಯ ಕಪಾಟಿನಲ್ಲಿ ಗಿರಾಕಿಗಾಗಿ ಕಾಯಬಲ್ಲದು. ವಿಮಾನದ ಸೀಟಿಗೆ ಆ ಭಾಗ್ಯವಿಲ್ಲ. ಬಾಗಿಲು ಮುಚ್ಚಿತೆಂದರೆ ಖಾಲಿ ಸೀಟಿಗೆ ಬೆಲೆಯೇ ಇಲ್ಲ. ಒಂದೇ ವಿಮಾನದ ಸೀಟುಗಳನ್ನು ಹಲವು ದರಗಳಿಗೆ ಹಂಚಿ ಮಾರುವ ಪದ್ಧತಿಯ ಬೇರು ಇಲ್ಲಿದೆ.

1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯ ಕೆನ್ ಲಿಟಲ್‌ವುಡ್ ಇದಕ್ಕೊಂದು ಸೂತ್ರ ಕೊಟ್ಟರು. ಮುಂಚೆ ಬಂದವರಿಗೆ ₹3,000, ಕೊನೆಗೆ ಬಂದವರಿಗೆ ₹9,000 ಎಂದಿಟ್ಟುಕೊಳ್ಳಿ. ಒಂದು ಸೀಟು ₹9,000ಕ್ಕೆ ಹೋಗುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಅದನ್ನು ಅಗ್ಗಕ್ಕೆ ಬಿಡಬಾರದು. ಲೆಕ್ಕ ಚೊಕ್ಕವಾಗಿದೆ, ಫಲವೂ ಇದೆ. ತಿಂಗಳು ಮೊದಲೇ ದಿನ ಗೊತ್ತುಮಾಡಬಲ್ಲ ವಿದ್ಯಾರ್ಥಿ ಕಡಿಮೆ ದುಡ್ಡಿನಲ್ಲಿ ವಿಮಾನ ಹತ್ತುವುದು ಈ ಹಂಚಿಕೆಯಿಂದಲೇ.

ದೋಷವಿರುವುದು ಅದರ ಊಹೆಯಲ್ಲಿ. ಕೊನೆಗಳಿಗೆಯಲ್ಲಿ ಬರುವವನು ಉಳ್ಳವನು ಎಂದು ಅದು ನಂಬುತ್ತದೆ. ಆದರೆ ತೆಲಂಗಾಣದ ಮಕ್ತಲ್, ನಾರಾಯಣಪೇಟೆಗಳದು ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗುವವರ ಸೀಮೆ. ತಾಯಿ ತೀರಿಕೊಂಡ ಸುದ್ದಿ ಕೇಳಿ ಅಲ್ಲಿಂದ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಟಿಕೆಟ್ ಹುಡುಕುವ ಮಗನೂ ಕೊನೆಗಳಿಗೆಯಲ್ಲೇ ಬರುತ್ತಾನೆ. ಲೆಕ್ಕಕ್ಕೆ ಅವನ ಆತುರ ಕಾಣುತ್ತದೆ, ಜೇಬು ಕಾಣುವುದಿಲ್ಲ.

ಬೇರೆ ಬಗೆಯ ಹಂಚಿಕೆ ಸಾಧ್ಯವೆಂದು, ಸಣ್ಣ ಊರುಗಳಿಗೂ ವಿಮಾನ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ ತೋರಿಸಿತು. 2017ರ ಏಪ್ರಿಲ್ 27ರಂದು ಅದರ ಮೊದಲ ವಿಮಾನಗಳು ಹಾರಿದವು; ಕಡಪ–ಹೈದರಾಬಾದ್ ಅವುಗಳಲ್ಲೊಂದು. ಸುಮಾರು ಅರ್ಧದಷ್ಟು ಸೀಟುಗಳಿಗೆ ಗಂಟೆಯ ಹಾರಾಟಕ್ಕೆ ₹2,500ರ ಮಿತಿ ಹಾಕಿ, ಕೊರತೆಯನ್ನು ಸಹಾಯಧನದಿಂದ ತುಂಬಿದರು. 2021ರ ಮಾರ್ಚಿನಲ್ಲಿ ಗದ್ವಾಲಕ್ಕೆ ಹತ್ತಿರದ ಕರ್ನೂಲಿನಿಂದಲೂ ಬೆಂಗಳೂರಿಗೆ ವಿಮಾನ ಹೊರಟಿತು. ಆದರೆ ಆ ಅಗ್ಗದ ಸೀಟುಗಳೂ ಮೊದಲು ಬಂದವರ ಪಾಲೇ. ದೂರದ ಊರುಗಳಿಗೆ ನ್ಯಾಯ ಸಿಕ್ಕಿತು, ತುರ್ತಿಗೆ ಸಿಗಲಿಲ್ಲ.

ಮಕ್ತಲ್ ಸೀಮೆಯ ಕೃಷ್ಣಾ ನಿಲ್ದಾಣದ ಹಳಿಯ ಮೇಲೆ ಓಡುವ ರೈಲುಗಳಲ್ಲಿ ಕಾಯಿಲೆ, ಸಾವಿನಂಥ ಸಂದರ್ಭಗಳನ್ನೂ ಪರಿಗಣಿಸುವ ತುರ್ತು ಕೋಟಾ ಇದೆ. ವಿಮಾನಕ್ಕೂ ಅಂಥದೊಂದು ಬೇಕು. ₹9,000ದ ಗಿರಾಕಿಗಾಗಿ ಸೀಟು ಕಾದಿಡಬಲ್ಲ ಲೆಕ್ಕ, ಹೆಣದ ಮುಖ ನೋಡಲು ಹೊರಟವನಿಗಾಗಿ ಎರಡು ಸೀಟುಗಳನ್ನು ಸಾಧಾರಣ ದರದಲ್ಲಿ ಕಾದಿಡಲಾರದೇ? ಸೂತ್ರ ಸರಿಯಾಗಿದೆ; ಅದಕ್ಕೆ ಈ ಒಂದು ನಿಯಮವನ್ನು ಸರ್ಕಾರ ಸೇರಿಸಬೇಕು.