ಬಳಿ ಸಣ್ಣದಾತವ್ವ

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ರಜೆ ಹಾಕಿ ಬನಹಟ್ಟಿಗೆ ಹೋಗಿದ್ದೆ. ಮುಧೋಳದಲ್ಲಿ ಹೆಣ್ಣು ನೋಡೋದಿತ್ತು. ಹುಡುಗಿ ಚೆನ್ನಾಗಿ ಮಾತಾಡಿದಳು, ನನ್ನ ಕೆಟ್ಟ ಜೋಕಿಗೂ ನಕ್ಕಳು. ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ "ಹೆಂಗನಸ್ತು?" ಅಂದಳು. "ಎಲ್ಲಾ ಚೊಲೊ ಐತಿ, ಸ್ವಲ್ಪ ದಪ್ಪ ಅಲ್ಲ?" ಅಂದೆ. ಅವ್ವ ಕಿಟಕಿ ಕಡೆ ನೋಡುತ್ತಲೇ ಹೇಳಿದಳು: "ನೀನರ ಏನ್ ದೊಡ್ಡ ಪೈಲ್ವಾನ ಏನು? ಅವರು ನಿನ್ನ ತೂಕ ಕೇಳಿದ್ರೇನು?"

ಕೇಳಿರಲಿಲ್ಲ. ಜಮಖಂಡಿಯಲ್ಲಿ ಕಾಲೇಜು ಓದುವಾಗ ಮೂರು ವರ್ಷ ನನ್ನ ಹೆಸರೇ 'ಕಡ್ಡಿ' ಆಗಿತ್ತು. ಬೀಳಗಿಯ ಅತ್ತಿ ಪ್ರತಿ ಹಬ್ಬಕ್ಕೂ "ಯಾಕೋ ಇಷ್ಟ್ ಸೊರಗೀದಿ?" ಅಂತ ಎಲ್ಲರ ಮುಂದೆ ಕೇಳುತ್ತಿದ್ದಳು. ಆ ನೋವು ಗೊತ್ತಿದ್ದವನೇ ಇನ್ನೊಬ್ಬರಿಗೆ ಚೀಟಿ ಅಂಟಿಸಿ ಬಂದಿದ್ದೆ.

ಆ ವಾರವೇ 'ಒಂದು ಮೊಟ್ಟೆಯ ಕಥೆ' ಮತ್ತೆ ನೋಡಿದೆ. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ, ತಾವೇ ನಟಿಸಿದ 2017ರ ಚಿತ್ರ. ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನನಿಗೆ ತಲೆಯಲ್ಲಿ ಕೂದಲಿಲ್ಲ, ಅದಕ್ಕೇ ಹೆಣ್ಣು ಸಿಗುತ್ತಿಲ್ಲ. ಮೊದಲ ಸಲ ನೋಡಿದಾಗ ಪೂರ್ತಿ ಅವನ ಪಕ್ಷ ವಹಿಸಿದ್ದೆ. ಕಡ್ಡಿಗೂ ಮೊಟ್ಟೆಗೂ ಏನು ವ್ಯತ್ಯಾಸ? ಇಬ್ಬರೂ ನಗೆಪಾಟಲಾದವರೇ. ಎರಡನೇ ಸಲ ನೋಡುವಾಗ ಬೇರೆ ಕಡೆ ಚುಚ್ಚಿತು. ದಪ್ಪಗಿನ ಹುಡುಗಿ ಎದುರು ಬಂದಾಗ ಇದೇ ಜನಾರ್ದನ ಹಿಂಜರಿಯುತ್ತಾನೆ. ಊರು ತನ್ನ ತಲೆ ನೋಡಿದ ಕಣ್ಣಿನಿಂದಲೇ ಅವನು ಅವಳ ಮೈ ನೋಡುತ್ತಾನೆ.

ಚಿತ್ರದ ನಿಜವಾದ ಧೈರ್ಯ ಇರೋದು ಇಲ್ಲೇ. ಅವಮಾನ ತಿಂದವರೆಲ್ಲ ಒಳ್ಳೆಯವರಾಗುತ್ತಾರೆ ಅಂತ ಅದು ಸುಳ್ಳು ಹೇಳುವುದಿಲ್ಲ. ನಮ್ಮನ್ನು ತೂಗಿದ ತಕ್ಕಡಿಯನ್ನೇ ನಾವು ಜೇಬಲ್ಲಿಟ್ಟುಕೊಂಡು ತಿರುಗುತ್ತೇವೆ, ಅಷ್ಟೇ. ಆದರೆ ನನಗೊಂದು ತಕರಾರಿದೆ. ಆ ಹುಡುಗಿಗೆ ಏನನ್ನಿಸಿತು ಅನ್ನೋದು ನಮಗೆ ಹೆಚ್ಚಾಗಿ ಜನಾರ್ದನನ ಮೂಲಕವೇ ತಿಳಿಯುತ್ತದೆ. ಅವಳ ಮೈ ಕೊನೆಗೂ ಅವನ ಪಾಠಕ್ಕೆ ಒದಗಿದ ಸಾಮಗ್ರಿಯಂತೆ ಉಳಿಯುತ್ತದೆ. 2019ರಲ್ಲಿ ಇದೇ ಕಥೆಯನ್ನು ಮಲಯಾಳಂನಲ್ಲಿ 'ತಮಾಶಾ' ಅಂತ ಮಾಡಿದಾಗ ಅಶ್ರಫ್ ಹಂಝಾ ಈ ಕೊರತೆ ತುಂಬಿದರು. ಅಲ್ಲಿನ ಚಿನ್ನು ತನ್ನ ಮೈಯಲ್ಲಿ ಆರಾಮಾಗಿದ್ದಾಳೆ. ಫೇಸ್‌ಬುಕ್ಕಿನಲ್ಲಿ ಅವಳ ಫೋಟೋಗೆ ಜನ ಹೊಲಸು ಮಾತು ಬರೆದಾಗ ಉತ್ತರ ಕೊಡೋದೂ ಅವಳೇ. ನಾಯಕ ಒಪ್ಪಿದನೋ ಇಲ್ಲವೋ ಅನ್ನೋದು ಅಲ್ಲಿ ಎರಡನೇ ಮಾತು.

"ಇದೆಲ್ಲ ಸಿಟಿಯ ರೋಗ, ನಮ್ಮೂರ ಕಡೆ ಇಲ್ಲ" ಅನ್ನುವವರೂ ಇದ್ದಾರೆ. ನಂಬಬೇಡಿ. ರಬಕವಿ-ಬನಹಟ್ಟಿಯ ಮಗ್ಗದಿಂದ ಇಳಿಯುವ ಸೀರೆಗೆ ಎಸ್, ಎಂ, ಎಕ್ಸ್‌ಎಲ್ ಅನ್ನೋ ಚೀಟಿ ಇಲ್ಲ, ಯಾರು ಉಟ್ಟರೂ ಅವರಿಗೆ ಒಪ್ಪುತ್ತದೆ. ಆದರೆ ಆ ಸೀರೆ ನೇಯುವ ಓಣಿಯಲ್ಲೇ ಹುಡುಗಿಯರಿಗೆ 'ಡುಮ್ಮಿ' ಅನ್ನೋ ಚೀಟಿ ಅಂಟಿರುತ್ತದೆ. ಮುಧೋಳದ ರನ್ನ ಹತ್ತನೇ ಶತಮಾನದಲ್ಲೇ 'ಗದಾಯುದ್ಧ'ಕ್ಕೆ ಭೀಮನನ್ನು ನಾಯಕ ಮಾಡಿದ. ವೃಕೋದರ, ಅಂದರೆ ತೋಳದ ಹೊಟ್ಟೆಯವನು ಅನ್ನೋ ಹೆಸರು ಅವನಿಗೆ ಅಡ್ಡಿಯಾಗಲಿಲ್ಲ. ಯಾಕಂದ್ರೆ ಅವನು ಗಂಡಸು. ಗಂಡಿನ ದಪ್ಪ ಮೈ ಗರಡಿಮನೆಯಲ್ಲಿ ಪೈಲ್ವಾನಕಿ ಅನ್ನಿಸಿಕೊಳ್ಳುತ್ತದೆ, ಹೆಣ್ಣಿನದು ಹೆಣ್ಣು ನೋಡುವ ಕೋಣೆಯಲ್ಲಿ ಕೊರತೆ ಅನ್ನಿಸಿಕೊಳ್ಳುತ್ತದೆ.

"ಹಾಗಾದ್ರೆ ಆರೋಗ್ಯ?" ಅಂತ ನೀವು ಕೇಳಬಹುದು. ಕೇಳಲೇಬೇಕು, ಶುಗರ್, ಬಿಪಿ ಸುಳ್ಳಲ್ಲ. ಆದರೆ ಅದು ಡಾಕ್ಟರ ಮುಂದೆ ಕೂತು ಆಡುವ ಮಾತು. ನಾನು ಬಸ್ಸಿನಲ್ಲಿ ಆಡಿದ ಮಾತಿನಲ್ಲಿ ಅವಳ ಆರೋಗ್ಯದ ಚಿಂತೆ ಎಳ್ಳಷ್ಟೂ ಇರಲಿಲ್ಲ.

ರನ್ನ ಹುಟ್ಟಿದ್ದು ಬಳೆಗಾರರ ಮನೆತನದಲ್ಲಿ. ನಮ್ಮ ಓಣಿಗೂ ಒಬ್ಬ ಬಳೆಗಾರ ಬರುತ್ತಿದ್ದ. ಅವನ ಹತ್ತಿರವೂ ಅಳತೆ ಇತ್ತು: ಎರಡು-ನಾಲ್ಕು, ಎರಡು-ಆರು, ಎರಡು-ಎಂಟು. ಅವ್ವನ ಕೈಗೆ ಬಳೆ ಏರದಿದ್ದಾಗ ಅವನು "ನಿನ್ನ ಕೈ ದಪ್ಪ" ಅನ್ನುತ್ತಿರಲಿಲ್ಲ. "ಈ ಬಳಿ ಸಣ್ಣದಾತವ್ವ, ತಡಿ" ಅಂತ ಬೇರೆ ಜೊತೆ ತೆಗೆಯುತ್ತಿದ್ದ. ಅಳತೆ ಬಳೆಯದು, ತಪ್ಪೂ ಬಳೆಯದೇ.

ಇವತ್ತು ಮಾಲಿನ ಟ್ರಯಲ್ ರೂಮಿನಲ್ಲಿ ಜೀನ್ಸ್ ಏರದೆ ಒದ್ದಾಡುವಾಗ ನಾವು ಕನ್ನಡಿ ನೋಡಿ ನಮ್ಮನ್ನೇ ಬೈದುಕೊಳ್ಳುತ್ತೇವೆ. ಆ ಹೊತ್ತಿಗೆ ಪಕ್ಕದಲ್ಲಿ ಒಬ್ಬ ಬಳೆಗಾರ ಇರಬೇಕಿತ್ತು ಅನ್ನಿಸುತ್ತದೆ. ಮುಧೋಳದಿಂದ ವಾಪಸ್ ಬಂದ ಆ ಬಸ್ಸಿನಲ್ಲಂತೂ ಇರಲೇಬೇಕಿತ್ತು.