ಕಾಗದದ ಎಮ್ಡೆನ್

1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ತೈಲ ಟ್ಯಾಂಕುಗಳ ಮೇಲೆ ಗುಂಡು ಹಾರಿಸಿದ ಜರ್ಮನ್ ಯುದ್ಧನೌಕೆ ಎಮ್ಡೆನ್‌ನ ಉದ್ದ ಸುಮಾರು 118 ಮೀಟರ್. ಕಾಗದದ ಹಡಗುಗಳಿಗೆ ಜರ್ಮನರು ಬಹುಕಾಲದಿಂದ ಬಳಸುತ್ತ ಬಂದ 1:250ರ ಅಳತೆಯಲ್ಲಿ ಅದು 47 ಸೆಂಟಿಮೀಟರಿಗೆ ಇಳಿಯುತ್ತದೆ. ಅಚ್ಚಾದ ಹಾಳೆ, ಕತ್ತರಿ, ಬ್ಲೇಡು, ಅಂಟು ಇದ್ದರೆ ಸಾಕು, ಯಾರು ಬೇಕಾದರೂ ಕಟ್ಟಬಹುದು ಎಂಬ ಮಾತು ಈ ಹವ್ಯಾಸದ ಬಗ್ಗೆ ಇದೆ. ಆದರೂ ಅನೇಕರ ಹಡಗು ಅರ್ಧಕ್ಕೇ ನಿಂತು ಪೆಟ್ಟಿಗೆ ಸೇರುತ್ತದೆ. ಅದಕ್ಕೆ ಕಾರಣ ಕೈಚಳಕದ ಕೊರತೆಯೆಂದು ನನಗನ್ನಿಸುವುದಿಲ್ಲ. ಕೊನೆಯಲ್ಲಿ ಕೂರಿಸುವ ಕಂಬಿ, ಹಗ್ಗ, ಫಿರಂಗಿಗಳನ್ನೇ ಎಲ್ಲರೂ ಹೊಗಳುವುದರಿಂದ, ಯಾರ ಕಣ್ಣಿಗೂ ಬೀಳದ ಒಳಹಂದರವನ್ನು ಅವಸರದಲ್ಲಿ ಮುಗಿಸುವುದು ರೂಢಿಯಾಗಿದೆ.

ಈ ಹಂದರದಲ್ಲಿ ಉದ್ದಕ್ಕೊಂದು ಬೆನ್ನೆಲುಬು, ಅಡ್ಡಲಾಗಿ ಸಾಲು ಪಕ್ಕೆಲುಬುಗಳು. ಸೀಳುಗಳಲ್ಲಿ ಒಂದನ್ನೊಂದು ಸಿಕ್ಕಿಸಬೇಕು. ಸೀಳು ರಟ್ಟಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಕಿರಿದಾದರೂ, ಒತ್ತಿ ತುರುಕಿದಾಗ ಬೆನ್ನೆಲುಬು ಬಿಲ್ಲಿನ ಹಾಗೆ ಬಾಗುತ್ತದೆ. ಅಂದು ಅದು ತಿಳಿಯುವುದಿಲ್ಲ. ಹೊರಹಾಳೆ ಹೊದಿಸಿ, ಡೆಕ್ ಕೂರಿಸಿ, ಹೊಗೆಕೊಳವೆ ನಿಲ್ಲಿಸಿದ ಮೇಲೆ ಮೂರು ಕೊಳವೆಗಳೂ ಒಂದೇ ಗೆರೆಯಲ್ಲಿಲ್ಲ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಪ್ಲಾಸ್ಟಿಕ್ ಮಾದರಿಯಾದರೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿದು ಎಷ್ಟೋ ತಪ್ಪು ಮುಚ್ಚಬಹುದು. ಬಣ್ಣ ಮೊದಲೇ ಅಚ್ಚಾದ ಕಾಗದದಲ್ಲಿ ಆ ದಾರಿಯಿಲ್ಲ. ಹಂದರವನ್ನು ಗಾಜಿನ ಮೇಲೆ ಕೂರಿಸಿ, ಭಾರ ಹೇರಿ, ರಾತ್ರಿಯಿಡೀ ಒಣಗಲು ಬಿಡುವ ತಾಳ್ಮೆಯೇ ಇಲ್ಲಿ ದೊಡ್ಡ ಕೌಶಲ.

ಅಂಟಿನ ವಿಷಯವೂ ಹಾಗೇ. ನೀರಿನಂಶದ ಬಿಳಿ ಅಂಟು ಧಾರಾಳವಾಗಿ ಬಿದ್ದರೆ ಕಾಗದ ಉಬ್ಬುತ್ತದೆ, ಅದೂ ನಾರಿನ ದಿಕ್ಕಿಗೆ ಅಡ್ಡವಾಗಿ ಹೆಚ್ಚು. ಒಣಗಿ ಬಿಗಿದಾಗ ಬರಗಾಲದ ದನದಂತೆ ಪಕ್ಕೆಲುಬುಗಳೆಲ್ಲ ಹೊರಗೆ ಎದ್ದು ಕಾಣುತ್ತವೆ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಹಾಳೆಯಾದರೆ ಬಣ್ಣವೂ ಕದಡೀತು.

ಅಳತೆ ಬದಲಿಸುವವರು ಎಡವುವ ಜಾಗ ಇನ್ನೊಂದಿದೆ. 1:200ರ ಹಾಳೆಯನ್ನು 1:250ಕ್ಕೆ ಇಳಿಸಲು ಶೇ. 80ಕ್ಕೆ ಮುದ್ರಿಸಿದರಾಯಿತು ಅಂದುಕೊಳ್ಳುತ್ತಾರೆ. 1 ಮಿಲಿಮೀಟರಿನ ರಟ್ಟೂ 0.8ಕ್ಕೆ ಇಳಿಯಬೇಕು. ಇಲ್ಲವಾದರೆ ಸೀಳಿಗೂ ರಟ್ಟಿಗೂ ಹೊಂದುವುದೇ ಇಲ್ಲ.

ಹೊಸಬರಿಗೆ ಜರ್ಮನ್ ಪದ್ಧತಿಯನ್ನೇ ನಾನು ಶಿಫಾರಸು ಮಾಡುತ್ತೇನೆ. ಅಲ್ಲಿ ಹಡಗನ್ನು ನೀರಿನ ಮಟ್ಟಕ್ಕೆ ಕತ್ತರಿಸಿ, ಚಪ್ಪಟೆ ತಳದ ಮೇಲೆ ಕೂರಿಸುವುದು ವಾಡಿಕೆ. 1957ರಿಂದ ‘ಮಾವಿ ಮೊಡೆಲಾಷ್’ ಪತ್ರಿಕೆ ಬೆಳೆಸಿದ ಪೋಲೆಂಡಿನ ಪರಂಪರೆಯಲ್ಲಿ ನೀರೊಳಗಿನ ಒಡಲೂ ಬರುವುದುಂಟು. ಸೊಗಸೇನೋ ಅದರದೇ ಹೆಚ್ಚು, ಆದರೆ ಕಷ್ಟವೂ ಅಲ್ಲೇ. ಕಾಗದ ಒಂದು ದಿಕ್ಕಿಗೆ ಬಾಗುತ್ತದೆ, ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗಲೊಲ್ಲದು. ಹಾಗಾಗಿ ಹಿಂಬದಿಯ ಉಬ್ಬನ್ನು ಪಟ್ಟಿ ಪಟ್ಟಿಯಾಗಿ ಜೋಡಿಸಬೇಕು. ಒಂದೊಂದು ಪಟ್ಟಿಯಲ್ಲಿ 0.2 ಮಿಲಿಮೀಟರ್ ತಪ್ಪಿದರೆ ಇಪ್ಪತ್ತನೆಯದರ ಹೊತ್ತಿಗೆ 4 ಮಿಲಿಮೀಟರಿನ ಸಂದು ಬಾಯ್ಬಿಡುತ್ತದೆ. ಎಡಕ್ಕೊಂದು, ಬಲಕ್ಕೊಂದು ಎಂದು ಸರದಿಯಂತೆ, ಅಂಟು ಹಚ್ಚುವ ಮೊದಲು ಒಣಗೈಯಲ್ಲೇ ಕೂರಿಸಿ ನೋಡಿ ಮುಂದುವರಿದವರು ಮಾತ್ರ ಪಾರಾಗುತ್ತಾರೆ.

ಇಷ್ಟು ದಾಟಿದವರಿಗೆ ಫಿರಂಗಿ ಅಷ್ಟೇನೂ ದೊಡ್ಡ ಮಾತಲ್ಲ. ಎಮ್ಡೆನ್‌ನ ಹತ್ತು ಫಿರಂಗಿಗಳ ನಳಿಗೆ ಈ ಅಳತೆಯಲ್ಲಿ ಸುಮಾರು 17 ಮಿಲಿಮೀಟರ್ ಉದ್ದ. ತೆಳು ಕಾಗದವನ್ನು ಸೂಜಿಗೆ ಸುತ್ತಿ ಉರುಳಿಸಿದರೆ ಸಿದ್ಧ. ಕೆಟ್ಟರೆ ಇನ್ನೊಂದು ಸುತ್ತಬಹುದು. ಒಡಲು ಕೆಟ್ಟರೆ ಹಾಗೆ ಬದಲಿಸಲು ಪೆಟ್ಟಿಗೆಯಲ್ಲಿ ಏನೂ ಉಳಿದಿರುವುದಿಲ್ಲ. ಲೇಸರಿನಲ್ಲಿ ಕತ್ತರಿಸಿದ ಕಂಬಿಬೇಲಿಗಳನ್ನು ಹೆಚ್ಚುವರಿ ಬೆಲೆಗೆ ಮಾರುವ ಪ್ರಕಾಶಕರು, ಅದಕ್ಕಿಂತ ಮೊದಲು ಒಡಲಿನ ಹೊರಹಾಳೆಯ ಇನ್ನೊಂದು ಪ್ರತಿಯನ್ನು ಜೊತೆಗೇ ಕೊಡಲಿ.