ಬಲೆ ಬಿಗಿದ ಕುರ್ಚಿ

ಷಿಕಾಗೋದ ಮರ್ಚಂಡೈಸ್ ಮಾರ್ಟ್ ಎಂಬ ದೈತ್ಯ ಕಟ್ಟಡದಲ್ಲಿ 1969ರಲ್ಲಿ ಶುರುವಾದದ್ದು ನಿಯೋಕಾನ್ ಮೇಳ. ಆಫೀಸಿನ ಪೀಠೋಪಕರಣ ಮುಂದೆ ಹೇಗಿರುತ್ತದೆ ಎಂಬುದರ ಸುಳಿವು ಸಿಗುವ ಜಾಗ ಅದು. ಈಚೆಗೆ ಅಲ್ಲಿ ಗುಂಡಿ ಒತ್ತಿದರೆ ಏರಿಳಿಯುವ ಮೇಜು, ಫೋನಿನಲ್ಲಿ ಮಾತಾಡಲು ಸದ್ದಡಗಿಸುವ ಗಾಜಿನ ಗೂಡು, ಮನೆಯ ಪಡಸಾಲೆಯಲ್ಲಿರುವಂಥ ಸೋಫಾಗಳದ್ದೇ ಮೆರವಣಿಗೆ. ಎಲ್ಲವೂ ಚೆಂದವೇ. ನನ್ನ ಮನಸ್ಸು ಮಾತ್ರ ಕುರ್ಚಿಗಳ ಕಡೆಗೇ ವಾಲುತ್ತದೆ, ಅದರಲ್ಲೂ ಬಲೆ ಬಿಗಿದ ಕುರ್ಚಿಗಳ ಕಡೆಗೆ.

ಇಂದು ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಸಾಲುಗಟ್ಟಿ ನಿಂತಿರುವ ಬಲೆ ಬೆನ್ನಿನ ಕುರ್ಚಿಗಳಿಗೆಲ್ಲ ಹಿರಿಯಣ್ಣನೆಂದರೆ ಏರಾನ್. ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ವಿನ್ಯಾಸಗೊಳಿಸಿದ ಅದನ್ನು ಹರ್ಮನ್ ಮಿಲ್ಲರ್ ಕಂಪನಿ 1994ರಲ್ಲಿ ಹೊರತಂದಿತು. ಅದರ ಬೀಜ ಬಿದ್ದದ್ದು ಆಫೀಸಿನಲ್ಲಲ್ಲ. ಹೊತ್ತುಗಟ್ಟಲೆ ಕೂತೇ ಇರುವ ವೃದ್ಧರ ಮೈ ಮೆತ್ತೆಯ ಶಾಖಕ್ಕೆ, ಒತ್ತಡಕ್ಕೆ ಹುಣ್ಣಾಗುವುದನ್ನು ಕಂಡು, ಇಬ್ಬರೂ ಮೊದಲು ಅವರಿಗಾಗಿ ಒಂದು ಕುರ್ಚಿ ಯೋಚಿಸಿದ್ದರು. ಆ ಕಾಳಜಿಯೇ ಮುಂದೆ ಏರಾನ್‌ನಿಂದ ಸ್ಪಂಜನ್ನು ಪೂರ್ತಿ ಕಿತ್ತುಹಾಕಿತು. ಉಳಿದದ್ದು ಚೌಕಟ್ಟಿಗೆ ಬಿಗಿದ ಬಲೆ: ಗಾಳಿಯಾಡುತ್ತದೆ, ಮೈಯ ಭಾರವನ್ನು ಹಂಚಿಕೊಳ್ಳುತ್ತದೆ.

ನನಗೆ ಇನ್ನೂ ಇಷ್ಟವಾಗುವುದು ಅದರ ಅಳತೆಯ ನ್ಯಾಯ. ಸಾಹೇಬರಿಗೆ ಎತ್ತರದ ಬೆನ್ನಿನ ದೊಡ್ಡ ಕುರ್ಚಿ, ಗುಮಾಸ್ತರಿಗೆ ಸಣ್ಣದು ಎಂಬ ಕಾಲದಲ್ಲಿ ಏರಾನ್ ಎ, ಬಿ, ಸಿ ಎಂಬ 3 ಅಳತೆಗಳಲ್ಲಿ ಬಂತು. ಅಳೆದದ್ದು ಮೈಯನ್ನು, ಹುದ್ದೆಯನ್ನಲ್ಲ! 2016ರಲ್ಲಿ ಚಾಡ್ವಿಕ್ ನೆರವಿನಿಂದ ಅದನ್ನು ಪರಿಷ್ಕರಿಸಿದಾಗ ಬಲೆಗೆ 8 ವಲಯಗಳಾದವು. ಎಲ್ಲಿ ಬಿಗಿ ಬೇಕೋ ಅಲ್ಲಿ ಬಿಗಿ, ಎಲ್ಲಿ ಸಡಿಲ ಬೇಕೋ ಅಲ್ಲಿ ಸಡಿಲ.